ಶೇ 30ರ ಷರತ್ತು ಕರಗಿದ ಬಗೆ

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ, ನಾಗಸಂದ್ರ ಮೆಟ್ರೊ ನಿಲ್ದಾಣಕ್ಕೆ ಒತ್ತಿಕೊಂಡು ನಿಂತಿರುವ ನೀಲಿ, ಹಳದಿ ಬಣ್ಣದ ಭಾರಿ ಕಟ್ಟಡವನ್ನು ಈಗ ಯಾರಿಗೂ ಪರಿಚಯಿಸಬೇಕಿಲ್ಲ. ಸ್ವೀಡನ್ ಮೂಲದ ಐಕಿಯಾ ಕಂಪನಿ 2022ರ ಜೂನ್ 22ರಂದು ಈ ಮಳಿಗೆಯನ್ನು ತೆರೆದಾಗ ನೆರೆದ ಜನ ಎಷ್ಟಿದ್ದರೆಂದರೆ, ಮೊದಲ ವಾರಾಂತ್ಯದಲ್ಲಿ ಒಳಗೆ ಹೋಗಲು ಮೂರು ಗಂಟೆ ಕಾಯಬೇಕಾಗುತ್ತದೆ ಎಂದು ಕಂಪನಿಯೇ ಪ್ರಕಟಿಸಬೇಕಾಯಿತು. ಸುಮಾರು 4.6 ಲಕ್ಷ ಚದರ ಅಡಿಯ ಒಂದೇ ಸೂರಿನಡಿ ಸೌಟು, ಬಾಣಲೆ, ಡಬ್ಬಿ, ಪರದೆ, ದಿಂಬು, ಮಂಚ, ಕಪಾಟು, ದೀಪ ಹೀಗೆ ಸಂಸಾರ ಹೂಡಲು ಬೇಕಾದ ಸಾವಿರಾರು ಸಾಮಾನುಗಳು ಸಿಗುತ್ತವೆ. ಅಲ್ಲಿಂದ ಮೆಟ್ರೊ ಹಿಡಿದು ನಗರದ ಕಡೆಗೆ ಮೂರು ನಿಲ್ದಾಣ ಬಂದರೆ ಪೀಣ್ಯ ಕೈಗಾರಿಕಾ ಪ್ರದೇಶ. ತಗಡು ಬಗ್ಗಿಸುವ, ಒತ್ತುವ, ಹೊಳಪು ಕೊಡುವ, ಪ್ಲಾಸ್ಟಿಕ್ ಅಚ್ಚು ಹಾಕುವ, ಬಣ್ಣ ಬಳಿಯುವ ಸಾವಿರಾರು ಸಣ್ಣ ಘಟಕಗಳು ಅಲ್ಲಿವೆ.

ಇವೆರಡರ ನಡುವಿನ ದೂರ ಕೆಲವೇ ಕಿಲೋಮೀಟರು. ಆದರೆ ಮಳಿಗೆಯ ಕಪಾಟಿನಲ್ಲಿರುವ ಸರಕಿನಲ್ಲಿ ಪೀಣ್ಯದ್ದೆಷ್ಟು, ಕರ್ನಾಟಕದ್ದೆಷ್ಟು ಎಂಬ ಪ್ರಶ್ನೆಗೆ ಉತ್ತರವಾಗಬಲ್ಲ ಅಂಕಿಯೊಂದನ್ನು ನಾನು ಯಾವ ಸರ್ಕಾರಿ ಕಾಗದದಲ್ಲೂ ಕಂಡಿಲ್ಲ. ಇಂಥ ಪ್ರಶ್ನೆಯನ್ನು ಕೇಳುವ ಅಧಿಕಾರ ಒಂದು ಕಾಲಕ್ಕೆ ನಿಯಮದಲ್ಲಿಯೇ ಇತ್ತು. ಅದು ಒಂದೇ ಏಟಿಗೆ ರದ್ದಾಗಲಿಲ್ಲ. ಏಳೂವರೆ ವರ್ಷಗಳ ಅವಧಿಯಲ್ಲಿ ತಿದ್ದುಪಡಿಯ ಮೇಲೆ ತಿದ್ದುಪಡಿ ಬಂದು ಸದ್ದಿಲ್ಲದೆ ಕರಗಿತು. ಸಾರ್ವಜನಿಕ ಚರ್ಚೆಗೆ ಬರಬೇಕಾಗಿದ್ದ ಈ ಸಂಗತಿ ಬಾರದೆಯೇ ಉಳಿಯಿತು ಎಂಬುದೇ ಈ ಲೇಖನಕ್ಕೆ ಪ್ರೇರಣೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ವಿದೇಶಿ ಮಳಿಗೆ ಬಂದಿತೆಂಬ ಕಾರಣಕ್ಕೇ ಎದೆ ಬಡಿದುಕೊಳ್ಳುವವರ ಸಾಲಿನಲ್ಲಿ ನಾನಿಲ್ಲ. ಅಲ್ಲಿಗೆ ಜನ ಹೋಗುವುದಕ್ಕೆ ಕಾರಣಗಳಿವೆ. ವಸ್ತುವಿನ ಮೇಲೆ ಬೆಲೆ ಬರೆದಿರುತ್ತದೆ, ಚೌಕಾಸಿಯ ಮುಜುಗರವಿಲ್ಲ, ಕುರ್ಚಿಯ ಮೇಲೆ ಕುಳಿತು ನೋಡಬಹುದು, ಹಿಡಿಸದಿದ್ದರೆ ಹಿಂದಿರುಗಿಸಬಹುದು. ನಮ್ಮ ಅವೆನ್ಯೂ ರಸ್ತೆ, ಚಿಕ್ಕಪೇಟೆಗಳ ಪಾತ್ರೆ ಅಂಗಡಿಗಳಿಗೂ ಅವುಗಳದೇ ಆದ ಶಕ್ತಿಯಿದೆ. ಸ್ಟೀಲಿನ ಕೊಳಗವನ್ನು ತೂಗಿ ಬೆಲೆ ಹೇಳುವ, ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಹಾಕಿಕೊಂಡು ಹೊಸ ಪಾತ್ರೆ ಕೊಡುವ, ಮದುವೆಯ ಉಡುಗೊರೆಯ ಮೇಲೆ ಕೊಡುವವರ ಹೆಸರನ್ನು ಅಲ್ಲಿಯೇ ನಿಂತು ಕೆತ್ತಿಕೊಡುವ ವ್ಯಾಪಾರ ಅದು. ಸಹಕಾರಿ ಬಜಾರುಗಳನ್ನೂ ಸೂಪರ್ ಮಾರುಕಟ್ಟೆಗಳನ್ನೂ ಮನೆಬಾಗಿಲಿಗೆ ತಲುಪಿಸುವ ಆನ್‌ಲೈನ್ ವ್ಯಾಪಾರವನ್ನೂ ಕಂಡು ಉಳಿದಿರುವ ಆ ಅಂಗಡಿ ನಾಗಸಂದ್ರದ ಮಳಿಗೆಯೊಂದರಿಂದ ಮುಚ್ಚಿಹೋಗುತ್ತದೆ ಎಂದು ನಾನು ಭಾವಿಸುವುದಿಲ್ಲ. ನನ್ನ ಚಿಂತೆ ಇರುವುದು ಅಂಗಡಿಯ ಬಗ್ಗೆ ಅಲ್ಲ, ಅಂಗಡಿಯ ಹಿಂದಿರುವ ಕಾರ್ಖಾನೆಯ ಬಗ್ಗೆ.

ದುರದೃಷ್ಟವಶಾತ್ 2011 ಮತ್ತು 2012ರಲ್ಲಿ ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ನೇರ ಬಂಡವಾಳದ ಕುರಿತು ನಡೆದ ಚರ್ಚೆಯೆಲ್ಲ ಅಂಗಡಿಯ ಸುತ್ತಲೇ ಸುತ್ತಿತು. 2011ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಎರಡು ನಿರ್ಧಾರಗಳನ್ನು ಒಟ್ಟಿಗೆ ಕೈಗೊಂಡಿತ್ತು. ಒಂದು, ಹಲವು ಬ್ರಾಂಡುಗಳನ್ನು ಮಾರುವ ಮಳಿಗೆಗಳಿಗೆ ಸಂಬಂಧಿಸಿದ್ದು; ಇನ್ನೊಂದು, ತನ್ನದೇ ಒಂದು ಬ್ರಾಂಡನ್ನು ಮಾತ್ರ ಮಾರುವ ಮಳಿಗೆಗಳಿಗೆ ಸಂಬಂಧಿಸಿದ್ದು. ಮೊದಲನೆಯದರ ವಿರುದ್ಧ ಸಂಸತ್ತಿನಲ್ಲೂ ಬೀದಿಯಲ್ಲೂ ಎದ್ದ ಗದ್ದಲಕ್ಕೆ ಮಣಿದು ಸರ್ಕಾರ ಅದನ್ನು ಕೆಲಕಾಲ ತಡೆಹಿಡಿಯಿತು. ಎರಡನೆಯದು ಹೆಚ್ಚಿನ ಗಮನ ಸೆಳೆಯದೆ 2012ರ ಜನವರಿ 10ರಂದು ಜಾರಿಗೆ ಬಂತು. 2006ರಿಂದ ಶೇ 51ರಷ್ಟಿದ್ದ ಮಿತಿ ಶೇ 100ಕ್ಕೆ ಏರಿತು. ಐಕಿಯಾದಂತಹ ಕಂಪನಿಗೆ ಬಾಗಿಲು ತೆರೆದದ್ದು ಈ ಎರಡನೆಯ ನಿರ್ಧಾರ.

ಆ ಅಧಿಸೂಚನೆಯಲ್ಲಿ ಒಂದು ಷರತ್ತಿತ್ತು. ವಿದೇಶಿ ಬಂಡವಾಳ ಶೇ 51ನ್ನು ಮೀರಿದರೆ, ಮಾರಾಟವಾಗುವ ಸರಕಿನ ಮೌಲ್ಯದ ಕನಿಷ್ಠ ಶೇ 30ರಷ್ಟನ್ನು ಭಾರತದ ಸಣ್ಣ ಕೈಗಾರಿಕೆ, ಗ್ರಾಮೋದ್ಯೋಗ, ಗುಡಿ ಕೈಗಾರಿಕೆ ಮತ್ತು ಕುಶಲಕರ್ಮಿಗಳಿಂದಲೇ ಕೊಳ್ಳಬೇಕು. ‘ಸಣ್ಣ’ ಎಂದರೆ ಯಂತ್ರೋಪಕರಣಗಳ ಮೇಲಿನ ಹೂಡಿಕೆ 10 ಲಕ್ಷ ಡಾಲರ್ ಮೀರದ ಘಟಕ ಎಂದೂ ವಿವರಿಸಲಾಗಿತ್ತು. ಆಡಳಿತದ ಭಾಷೆಯನ್ನು ಜೀವನಪೂರ್ತಿ ಓದಿದವನಾಗಿ ಹೇಳುತ್ತೇನೆ: ಇದು ಕಡಿಮೆ ಮಾತಿನಲ್ಲಿ ಹೆಚ್ಚು ಹೇಳಿದ ನಿಯಮವಾಗಿತ್ತು. ಯಾರಿಂದ, ಎಷ್ಟು, ಯಾವುದರ ಆಧಾರದ ಮೇಲೆ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿತ್ತು.

ಇಂಥ ಷರತ್ತಿಗೆ ಇಷ್ಟು ಮಹತ್ವವೇಕೆ ಎಂದು ಓದುಗರು ಕೇಳಬಹುದು. ಉತ್ತರ ಐಕಿಯಾದ ಚರಿತ್ರೆಯಲ್ಲೇ ಇದೆ. ಇಂಗ್ವರ್ ಕಾಂಪ್ರಾಡ್ ಎಂಬ ಹದಿನೇಳರ ಹುಡುಗ 1943ರಲ್ಲಿ ಕಟ್ಟಿದ ಈ ಸಂಸ್ಥೆ, ಮುಂದೆ ಪೀಠೋಪಕರಣಗಳನ್ನು ಅಗ್ಗವಾಗಿ ಮಾರತೊಡಗಿದಾಗ ಸ್ವೀಡನ್ನಿನ ತಯಾರಕರು ಒಟ್ಟಾಗಿ ಅದಕ್ಕೆ ಬಹಿಷ್ಕಾರ ಹಾಕಿದರು. ವ್ಯಾಪಾರ ಮೇಳಗಳಿಗೂ ಪ್ರವೇಶ ನಿರಾಕರಿಸಿದರು. ಸರಕು ಸಿಗದೆ ಕಂಗೆಟ್ಟ ಕಾಂಪ್ರಾಡ್ 1961ರಲ್ಲಿ, ಶೀತಲ ಸಮರದ ಕಾವಿನ ನಡುವೆಯೇ, ಕಮ್ಯುನಿಸ್ಟ್ ಪೋಲೆಂಡಿನ ಕಡೆಗೆ ಹೊರಳಿದರು. ಅಲ್ಲಿ ಮರವಿತ್ತು, ಕಸುಬುದಾರರಿದ್ದರು, ಆದರೆ ಯಂತ್ರಗಳು ಓಬೀರಾಯನ ಕಾಲದವು. ಕಂಪನಿ ಯಂತ್ರಗಳನ್ನು ಒದಗಿಸಿತು, ವಿನ್ಯಾಸ ಕೊಟ್ಟಿತು, ವರ್ಷಗಟ್ಟಲೆ ಬೇಡಿಕೆಯ ಭರವಸೆ ನೀಡಿತು. ಇಂದು ಪೋಲೆಂಡ್ ಜಗತ್ತಿನ ಅಗ್ರ ಪೀಠೋಪಕರಣ ರಫ್ತುದಾರ ದೇಶಗಳಲ್ಲೊಂದು. ಅದರ ಸಂಪೂರ್ಣ ಶ್ರೇಯಸ್ಸು ಒಂದೇ ಕಂಪನಿಯದೆಂದು ಯಾರೂ ಹೇಳಲಾರರು. ಆದರೆ ಆ ಬೇಡಿಕೆ ಇಲ್ಲದಿದ್ದರೆ ಅಲ್ಲಿನ ಉದ್ಯಮ ಈ ಎತ್ತರಕ್ಕೆ ಏರುತ್ತಿತ್ತೆಂದು ಹೇಳುವುದೂ ಕಷ್ಟ.

ಈ ಕಥೆಗೆ ಕತ್ತಲೆಯ ಮಗ್ಗುಲೂ ಇದೆ. ಪೂರ್ವ ಜರ್ಮನಿಯ ಪೂರೈಕೆದಾರರು ರಾಜಕೀಯ ಕೈದಿಗಳ ಬಲವಂತದ ದುಡಿಮೆಯಿಂದಲೂ ಸಾಮಾನು ಮಾಡಿಸಿದ್ದರೆಂಬುದು ಸ್ಪಷ್ಟವಾದಾಗ 2012ರಲ್ಲಿ ಕಂಪನಿ ವಿಷಾದ ವ್ಯಕ್ತಪಡಿಸಬೇಕಾಯಿತು. 2024ರಲ್ಲಿ ಸಂತ್ರಸ್ತರ ನಿಧಿಗೆ 60 ಲಕ್ಷ ಯೂರೊ ನೀಡಲು ಒಪ್ಪಿತು. ಅಗ್ಗದ ಬೆಲೆಯ ವ್ಯತ್ಯಾಸವನ್ನು ಎಲ್ಲೋ ಒಬ್ಬರು ತೆತ್ತಿರುತ್ತಾರೆ ಎಂಬುದನ್ನು ಮಳಿಗೆಯ ಬೆಲೆಚೀಟಿ ಹೇಳುವುದಿಲ್ಲ. ಏನಿದ್ದರೂ ನಾನು ಇಲ್ಲಿ ಒತ್ತಿ ಹೇಳಬೇಕಾಗಿರುವುದು, ಇಂಥ ಕಂಪನಿಯಿಂದ ದೇಶವೊಂದಕ್ಕೆ ಆಗಬಹುದಾದ ದೊಡ್ಡ ಲಾಭ ಅದರ ಮಾರಾಟದಲ್ಲಿಲ್ಲ, ಖರೀದಿಯಲ್ಲಿದೆ ಎಂಬುದನ್ನು. ಮಳಿಗೆಯೊಂದು ನೂರಾರು ಜನರಿಗೆ ಕೆಲಸ ಕೊಟ್ಟೀತು. ಅದರ ಖರೀದಿ ಕೈಗಾರಿಕಾ ವಸಾಹತುಗಳನ್ನೇ ಎತ್ತಿ ನಿಲ್ಲಿಸೀತು.

ಷರತ್ತಿನ ಕಥೆಗೆ ಮರಳೋಣ. 2012ರ ಜೂನ್‌ನಲ್ಲಿ ಐಕಿಯಾ ತನ್ನ ಯೋಜನೆಯನ್ನು ಪ್ರಕಟಿಸಿತು: 25 ಮಳಿಗೆಗಳು, 10,500 ಕೋಟಿ ರೂಪಾಯಿ ಹೂಡಿಕೆ. ಜತೆಗೇ ಶೇ 30ರ ನಿಯಮ ತನಗೆ ಕಷ್ಟವೆಂದಿತು. ಚಿಕ್ಕದಾಗಿದ್ದ ಪೂರೈಕೆದಾರ ನಮ್ಮ ಬೇಡಿಕೆಯಿಂದಲೇ ಬೆಳೆದು ದೊಡ್ಡವನಾದರೆ ಅವನನ್ನು ಕೈಬಿಟ್ಟು ಮತ್ತೊಬ್ಬ ಚಿಕ್ಕವನನ್ನು ಹುಡುಕಬೇಕೇ ಎಂಬುದು ಆಕ್ಷೇಪದ ತಿರುಳು. ಇದರಲ್ಲಿ ತಕರಾರು ತೆಗೆಯುವಂಥದ್ದು ಏನೂ ಇಲ್ಲ. ಬೆಳೆದವನನ್ನು ಪಟ್ಟಿಯಿಂದ ಕೈಬಿಡದಂತೆ ಒಂದು ಸಾಲು ಸೇರಿಸಿದ್ದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸೆಪ್ಟೆಂಬರ್ 20ರ ತಿದ್ದುಪಡಿಯಲ್ಲಿ ನಿಯಮದ ಬೆನ್ನೆಲುಬನ್ನೇ ತೆಗೆಯಲಾಯಿತು. ಸಣ್ಣ ಕೈಗಾರಿಕೆಗಳಿಂದಲೇ ಕೊಳ್ಳಬೇಕು ಎಂಬುದು ‘ಭಾರತದಿಂದ ಕೊಳ್ಳಬೇಕು, ಸಾಧ್ಯವಾದಷ್ಟು ಮಟ್ಟಿಗೆ ಸಣ್ಣ ಕೈಗಾರಿಕೆಗಳಿಗೆ ಆದ್ಯತೆ’ ಎಂಬ ಅರ್ಥಕ್ಕೆ ಇಳಿಯಿತು. ಮಾರಾಟದ ಮೌಲ್ಯದ ಬದಲು ಖರೀದಿಯ ಮೌಲ್ಯ ಅಳತೆಗೋಲಾಯಿತು. ಪ್ರತಿವರ್ಷದ ಲೆಕ್ಕದ ಬದಲು ಮೊದಲ ಐದು ವರ್ಷಗಳ ಸರಾಸರಿ ಬಂತು. ‘ಆದ್ಯತೆ’ ಎಂಬ ಪದ ಆದೇಶವೊಂದರಲ್ಲಿ ಕಂಡುಬಂದರೆ ಅದರ ಕೆಳಗೆ ಯಾರೂ ಯಾರನ್ನೂ ಹೊಣೆ ಮಾಡಲಾರರು ಎಂಬುದು ಸಚಿವಾಲಯದಲ್ಲಿ ಕಡತ ಹೊತ್ತ ಗುಮಾಸ್ತನಿಗೂ ಗೊತ್ತು.

ಅನಂತರದ ಹೆಜ್ಜೆಗಳನ್ನು ಬೇಗ ಹೇಳಿಬಿಡಬಹುದು. ವಿದೇಶಿ ಹೂಡಿಕೆ ಉತ್ತೇಜನ ಮಂಡಳಿ ಮೊದಲು ಹಲವು ಬಗೆಯ ವಸ್ತುಗಳನ್ನು ಹೊರಗಿಟ್ಟು ಒಪ್ಪಿಗೆ ನೀಡಿ, 2013ರ ಜನವರಿಯಲ್ಲಿ ಮನಸ್ಸು ಬದಲಿಸಿತು; ಮೇ ತಿಂಗಳಲ್ಲಿ ಸಂಪುಟದ ಒಪ್ಪಿಗೆಯೂ ಸಿಕ್ಕಿತು. 2015ರಲ್ಲಿ, ಲೆಕ್ಕ ಬಂಡವಾಳ ಬಂದ ವರ್ಷದಿಂದಲ್ಲ, ಮೊದಲ ಮಳಿಗೆ ತೆರೆದ ದಿನದಿಂದ ಆರಂಭ ಎಂದಾಯಿತು. 2018ರ ಜನವರಿಯಲ್ಲಿ ಸರ್ಕಾರದ ಪೂರ್ವಾನುಮತಿಯ ಅಗತ್ಯವನ್ನೇ ತೆಗೆದುಹಾಕಲಾಯಿತು. ಜತೆಗೆ, ಹೊರದೇಶಗಳ ಮಳಿಗೆಗಳಿಗಾಗಿ ಭಾರತದಿಂದ ಮಾಡುವ ಖರೀದಿ ಹಿಂದಿನ ವರ್ಷಕ್ಕಿಂತ ಹೆಚ್ಚಿದರೆ, ಆ ಹೆಚ್ಚಳವನ್ನು ಐದು ವರ್ಷಗಳವರೆಗೆ ಶೇ 30ರೊಳಗೆ ತೋರಿಸಿಕೊಳ್ಳಬಹುದೆಂದಾಯಿತು. ಕೊನೆಗೆ 2019ರ ಆಗಸ್ಟ್ 28ರಂದು ಸಂಪುಟ ಕೈಗೊಂಡ ನಿರ್ಧಾರದಂತೆ, ಹೆಚ್ಚಳ ಮಾತ್ರವಲ್ಲ, ಭಾರತದಿಂದ ಮಾಡುವ ಇಡೀ ಖರೀದಿ, ಇಲ್ಲಿ ಮಾರಿದರೂ ಸರಿ, ರಫ್ತು ಮಾಡಿದರೂ ಸರಿ, ಷರತ್ತಿನ ಲೆಕ್ಕಕ್ಕೆ ಬಂತು. ಐದು ವರ್ಷದ ಮಿತಿಯೂ ಹೋಯಿತು.

ಇದರ ಅರ್ಥವೇನೆಂದು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಒಂದು ಕಂಪನಿ ಭಾರತದ ತನ್ನ ಮಳಿಗೆಗಳಿಗಾಗಿ ವರ್ಷಕ್ಕೆ 1,000 ಕೋಟಿ ರೂಪಾಯಿಯ ಸರಕು ಕೊಳ್ಳುತ್ತದೆ, ಅಷ್ಟನ್ನೂ ಹೊರದೇಶದಿಂದಲೇ ತರಿಸುತ್ತದೆ ಎಂದಿಟ್ಟುಕೊಳ್ಳಿ. ಯುರೋಪಿನ ಮಳಿಗೆಗಳಿಗಾಗಿ ಅದು ಕರೂರಿನ ಹೊದಿಕೆ, ಪಾಣಿಪತ್‌ನ ನೆಲಹಾಸುಗಳನ್ನು ಲೆಕ್ಕಕ್ಕೆ ಸಾಕಾಗುವಷ್ಟು ಕೊಳ್ಳುತ್ತಿದ್ದರೆ ಷರತ್ತು ಪೂರೈಸಿದಂತೆಯೇ ಸರಿ. ಇಲ್ಲಿನ ಮಳಿಗೆಗಾಗಿ ಇಲ್ಲಿಂದ ಒಂದು ಚಮಚವನ್ನೂ ಕೊಳ್ಳಬೇಕಾಗಿಲ್ಲ. ಐಕಿಯಾ ಹೀಗೆಯೇ ಮಾಡುತ್ತಿದೆ ಎಂದು ನಾನು ಹೇಳುತ್ತಿಲ್ಲ. ಭಾರತದ ಮಳಿಗೆಗಳಲ್ಲಿ ಸ್ಥಳೀಯ ಸರಕಿನ ಪಾಲನ್ನು ಶೇ 50ಕ್ಕೆ ಏರಿಸುವ ಗುರಿಯಿದೆ ಎಂದು ಆ ಕಂಪನಿ ಹೇಳಿಕೊಂಡಿದೆ. ಆದರೆ ಗುರಿ ಅದರದ್ದು, ನಿಯಮ ನಮ್ಮದು. 1980ರ ದಶಕದಿಂದಲೂ ರಫ್ತಿಗಾಗಿ ಇಲ್ಲಿಂದ ಕೊಳ್ಳುತ್ತಿರುವ ಕಂಪನಿಯ ಹಳೆಯ ವ್ಯವಹಾರವನ್ನೇ ಹೊಸ ಷರತ್ತಿನ ಪಾಲನೆ ಎಂದು ಒಪ್ಪಿಕೊಳ್ಳುವ ನಿಯಮದಿಂದ ಹೊಸದಾಗಿ ಏನು ಹುಟ್ಟೀತು?

ರಫ್ತೂ ಉದ್ಯೋಗವೇ ಅಲ್ಲವೇ, ತಾನು ನೇಯ್ದ ಹೊದಿಕೆ ಬರ್ಲಿನ್‌ಗೆ ಹೋದರೇನು ಬೆಂಗಳೂರಿಗೆ ಬಂದರೇನು, ನೇಕಾರನಿಗೆ ಕೂಲಿ ಸಿಕ್ಕರೆ ಸಾಕಲ್ಲವೇ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅರ್ಥಶಾಸ್ತ್ರ ಓದಿದವನು ಕಾಣಲೂಬಾರದು. ಆದರೆ ರಫ್ತು ನಮ್ಮ ಕೆಲವೇ ಕೇಂದ್ರಗಳಿಗೆ, ಕೆಲವೇ ವಸ್ತುಗಳಿಗೆ ಕಟ್ಟುಬಿದ್ದ ವ್ಯವಹಾರ. ಹೊದಿಕೆ ಕರೂರಿನಿಂದ, ಲೋಹದ ಅಲಂಕಾರ ಸಾಮಗ್ರಿ ಮೊರಾದಾಬಾದಿನಿಂದ. ದೇಶದೊಳಗಿನ ಮಳಿಗೆಗೆ ಬೇಕಾದ ಸರಕಿನ ವೈವಿಧ್ಯ ಅದಕ್ಕಿಂತ ಬಹಳ ದೊಡ್ಡದು. ಇಡ್ಲಿ ಪಾತ್ರೆಯನ್ನೂ ಮಸಾಲೆ ಡಬ್ಬಿಯನ್ನೂ ಬರ್ಲಿನ್‌ನವರು ಕೇಳುವುದಿಲ್ಲ. ಕಂಪನಿ ಹೈದರಾಬಾದಿನಲ್ಲಿ 2018ರ ಆಗಸ್ಟ್‌ನಲ್ಲಿ ದೇಶದ ಮೊದಲ ಮಳಿಗೆ ತೆರೆದಾಗ ಅವೆರಡನ್ನೂ ಕಪಾಟಿನಲ್ಲಿ ಇಟ್ಟಿತ್ತು. ಊಟದ ಮನೆಯಲ್ಲಿ ದನದ ಮಾಂಸದ ಉಂಡೆಯ ಬದಲು ಕೋಳಿಯದನ್ನೂ ತರಕಾರಿಯದನ್ನೂ ಇಟ್ಟ ಹಾಗೆ! ವ್ಯಾಪಾರಿಗೆ ಸ್ಥಳೀಯ ರುಚಿ ಬೇಗ ಅರ್ಥವಾಗುತ್ತದೆ.

ಕೇಂದ್ರದ ನಡೆಯಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. 2019ರ ಆಗಸ್ಟ್‌ನಲ್ಲಿ ಷರತ್ತು ಸಡಿಲಿಸಿದ ಸರ್ಕಾರವೇ ಆರು ತಿಂಗಳೊಳಗೆ, 2020ರ ಮುಂಗಡಪತ್ರದಲ್ಲಿ, ಪೀಠೋಪಕರಣಗಳ ಆಮದು ಸುಂಕವನ್ನು ಶೇ 20ರಿಂದ 25ಕ್ಕೆ, ಹಲವು ಬಗೆಯ ಅಡುಗೆಮನೆ ಸಾಮಾನುಗಳ ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿತು. ಸ್ಥಳೀಯ ಖರೀದಿಯನ್ನು ಹೆಚ್ಚಿಸುವುದೇ ಉದ್ದೇಶವಾಗಿದ್ದರೆ, ಷರತ್ತಿನ ಹೊರೆ ಕಂಪನಿಯ ಮೇಲೆ ಬೀಳುತ್ತಿತ್ತು. ಸುಂಕದ ಹೊರೆ ಬಾಣಲೆ ಕೊಳ್ಳುವ ಗೃಹಿಣಿಯ ಮೇಲೆ ಬೀಳುತ್ತದೆ. ಈ ಎರಡರಲ್ಲಿ ಯಾವುದು ಲೇಸೆಂದು ಸಂಸತ್ತಿನಲ್ಲಿ ಯಾರಾದರೂ ಕೇಳಬಹುದಿತ್ತು.

ಹಾಗೆಂದು ಹಳೆಯ ರಕ್ಷಣೆಯ ಕಾಲವನ್ನು ಹೊಗಳುವವರ ಜತೆಗೂ ನಾನು ದನಿಗೂಡಿಸಲಾರೆ. ಸಣ್ಣ ಕೈಗಾರಿಕೆಗಳಿಗೆಂದೇ ಮೀಸಲಾದ ವಸ್ತುಗಳ ಪಟ್ಟಿಯೊಂದು ನಮ್ಮಲ್ಲಿತ್ತು. 1967ರಲ್ಲಿ 47 ವಸ್ತುಗಳಿಂದ ಆರಂಭವಾದ ಅದು 800ನ್ನು ದಾಟಿ ಬೆಳೆದು, ಉದಾರೀಕರಣದ ನಂತರ ಸವೆಯುತ್ತ ಬಂದು, 2015ರ ಏಪ್ರಿಲ್‌ನಲ್ಲಿ ಕೊನೆಯ 20 ವಸ್ತುಗಳೊಂದಿಗೆ ಅಂತ್ಯಗೊಂಡಿತು. ಆ ಕೊನೆಯ 20ರಲ್ಲಿ ಏನೇನಿದ್ದವು ಎಂಬುದು ಕುತೂಹಲಕರ. ಉಪ್ಪಿನಕಾಯಿ, ಅಗರಬತ್ತಿ, ಗಾಜಿನ ಬಳೆ, ಪಟಾಕಿಗಳ ಜತೆಗೆ ಮರದ ಪೀಠೋಪಕರಣ, ಸ್ಟೀಲ್ ಬೀರು, ಸ್ಟೀಲ್ ಕುರ್ಚಿ, ಸ್ಟೀಲ್ ಮೇಜು, ಇತರ ಸ್ಟೀಲ್ ಪೀಠೋಪಕರಣ, ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ, ಅಲ್ಯೂಮಿನಿಯಂ ಪಾತ್ರೆ. ಮೇಣದ ಬತ್ತಿಯನ್ನೂ ಸೇರಿಸಿದರೆ 20ರಲ್ಲಿ ಎಂಟು ವಸ್ತುಗಳು ಇಂದಿನ ಗೃಹೋಪಯೋಗಿ ಮಳಿಗೆಯ ಸರಕೇ! ನಮ್ಮ ಮನೆಯ ಒಳಗನ್ನು ತುಂಬುವ ಉದ್ಯಮವನ್ನೇ ನಾವು ಎಲ್ಲಕ್ಕಿಂತ ಹೆಚ್ಚು ಕಾಲ ಚಿಕ್ಕದಾಗಿಯೇ ಇರಿಸಿದ್ದೆವು.

1990ರ ದಶಕದಲ್ಲಿ ನಾನು ಜಿಲ್ಲಾ ಕೈಗಾರಿಕಾ ಕೇಂದ್ರವೊಂದರಲ್ಲಿದ್ದಾಗ ಸ್ಟೀಲ್ ಪಾತ್ರೆಯ ಘಟಕವೊಂದನ್ನು ನೋಡಲು ಹೋಗಿದ್ದೆ. ಆಗ ಸಣ್ಣ ಕೈಗಾರಿಕೆಯ ಮಿತಿ ಯಂತ್ರೋಪಕರಣಗಳ ಮೇಲೆ 60 ಲಕ್ಷ ರೂಪಾಯಿ ಹೂಡಿಕೆ. ಷೆಡ್ಡಿನ ನಡುವೆ ಹೊಸದಾಗಿ ಇಟ್ಟಿಗೆಯ ಗೋಡೆ ಎದ್ದಿತ್ತು. ಆಚೆಗಿನದು ಮಗನ ಹೆಸರಿನಲ್ಲಿ ಬೇರೆ ಘಟಕ, ಬೇರೆ ನೋಂದಣಿ. ಒತ್ತುಯಂತ್ರ ಈ ಕಡೆ, ಹೊಳಪು ಕೊಡುವ ಯಂತ್ರ ಆ ಕಡೆ. ಅರ್ಧ ತಯಾರಾದ ಪಾತ್ರೆಗಳನ್ನು ಆಳುಗಳು ಬುಟ್ಟಿಯಲ್ಲಿ ಹೊತ್ತು, ರಸ್ತೆಗೆ ಇಳಿದು, ಸುತ್ತಿ ಬಳಸಿ ಪಕ್ಕದ ಬಾಗಿಲಿನಿಂದ ಒಳಗೆ ಒಯ್ಯುತ್ತಿದ್ದರು. ಇದೇನು ಎಂದು ಕೇಳಿದೆ. ‘ಸಾರ್, ಬೆಳೆದರೆ ನಿಮ್ಮ ಇಲಾಖೆ ಪಟ್ಟಿಯಿಂದ ತೆಗೆಯುತ್ತೆ. ಗೋಡೆ ಕಟ್ಟಿದರೆ ಸಬ್ಸಿಡಿ ಕೊಡುತ್ತೆ. ನೀವೇ ಹೇಳಿ, ನಾನು ಏನು ಮಾಡಲಿ?’ ಎಂದರು ಮಾಲೀಕರು. ಎಂ.ಎ. ತರಗತಿಯಲ್ಲಿ ಪ್ರಮಾಣದ ಮಿತವ್ಯಯ ಎಂಬ ಅಧ್ಯಾಯವನ್ನು ನನಗೆ ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ.

ಇದಕ್ಕಿಂತ ದೊಡ್ಡ ಅಸಂಗತತೆ 2001ರ ಏಪ್ರಿಲ್‌ನಲ್ಲಿ ಆರಂಭವಾಯಿತು. ವಿಶ್ವ ವ್ಯಾಪಾರ ಸಂಸ್ಥೆಗೆ ಕೊಟ್ಟ ಮಾತಿನಂತೆ ಆಮದಿನ ಮೇಲಿನ ಪ್ರಮಾಣ ನಿರ್ಬಂಧಗಳನ್ನು ತೆಗೆದಾಗ, ಸ್ಟೀಲ್ ಕುರ್ಚಿಯನ್ನು ಹೊರದೇಶದ ಎಷ್ಟೇ ದೊಡ್ಡ ಕಾರ್ಖಾನೆಯಿಂದಲೂ ತರಿಸಬಹುದಾಯಿತು. ಪೀಣ್ಯದಲ್ಲಿ ಮಾತ್ರ, ದೊಡ್ಡ ಪಾಲನ್ನು ರಫ್ತು ಮಾಡುವ ಕರಾರಿಗೆ ಒಪ್ಪದ ಹೊರತು, ಅದನ್ನು ದೊಡ್ಡ ಕಾರ್ಖಾನೆಯಲ್ಲಿ ತಯಾರಿಸುವಂತಿರಲಿಲ್ಲ. ಈ ಸ್ಥಿತಿ ಹದಿನಾಲ್ಕು ವರ್ಷ ಮುಂದುವರಿಯಿತು. ಆಟಗಾರನ ಕಾಲು ಕಟ್ಟಿ ಮೈದಾನದ ಬಾಗಿಲು ತೆರೆಯುವುದೆಂದರೆ ಇದೇ. ಆದ್ದರಿಂದ 2015ರಲ್ಲಿ ಪಟ್ಟಿ ಹೋದದ್ದು ಸರಿಯೇ. ಆದರೆ ಪಟ್ಟಿ ಹೋದ ಮೇಲೆ ಆ ಘಟಕಗಳ ಕೈಗೆ ಉಳಿದದ್ದು ಶೇ 30ರ ಷರತ್ತೊಂದೇ. ಗೋಡೆ ಬಿದ್ದ ಮನೆಗೆ ಅದು ಕಿಟಕಿಯಾಗಬಹುದಿತ್ತು: ಜಗತ್ತಿನ ದೊಡ್ಡ ಖರೀದಿದಾರನೊಬ್ಬ ಸಣ್ಣ ತಯಾರಕನ ಬಾಗಿಲಿಗೆ ಬಂದು, ಅಳತೆ ಹೇಳಿ, ಗುಣಮಟ್ಟ ಕಲಿಸಿ, ಸರಕು ಒಯ್ಯುವ ಅವಕಾಶ. ನಾಲ್ಕು ವರ್ಷದಲ್ಲಿ ಆ ಕಿಟಕಿಯೂ ಮುಚ್ಚಿತು.

ಸಣ್ಣ ತಯಾರಕನಿಗೆ ನಿಜವಾಗಿ ಬೇಕಾಗಿರುವುದು ಏನು? ನಿವೃತ್ತಿಯ ನಂತರ ಪರಿಚಯವಾದ ಪೀಠೋಪಕರಣ ತಯಾರಕರೊಬ್ಬರು ಹೊರದೇಶದ ಖರೀದಿದಾರರೊಬ್ಬರಿಗೆ ಮಾದರಿ ಕಳಿಸಿದ ಅನುಭವ ಹೇಳಿದರು. ‘ಸಾರ್, ಮಾಲು ಚೆನ್ನಾಗಿದೆ ಅಂತ ಅವರೇ ಒಪ್ಪಿದರು. ಚೆನ್ನಾಗಿದೆ ಅನ್ನೋದಕ್ಕೆ ಕಾಗದ ಎಲ್ಲಿ ಅಂದರು.’ ಮರದ ತೇವಾಂಶ ಎಷ್ಟು, ಹಲಗೆಯ ಅಂಟಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡ್ ಎಷ್ಟು, ಎಷ್ಟು ಸಾವಿರ ಸಲ ಬಾಗಿಲು ತೆರೆದು ಮುಚ್ಚಿದರೆ ಕೀಲು ಸಡಿಲವಾಗುತ್ತದೆ, ಬಣ್ಣದಲ್ಲಿ ಸೀಸವಿದೆಯೇ, ಮರ ಯಾವ ಕಾಡಿನದು ಎಂಬ ಪ್ರಶ್ನೆಗಳ ಪಟ್ಟಿಯೇ ಹತ್ತಾರು ಪುಟ. ಪ್ರತಿಯೊಂದು ಪರೀಕ್ಷೆಗೂ ಶುಲ್ಕ, ಪ್ರತಿಯೊಂದಕ್ಕೂ ವಾರಗಟ್ಟಲೆ ಕಾಯುವಿಕೆ. ಬೇಡಿಕೆ ಸಿಗುವ ಖಾತರಿಯಿಲ್ಲದೆ ಇಷ್ಟೊಂದು ಖರ್ಚು ಮಾಡಲಾರದೆ ಅವರು ಹಿಂದೆ ಸರಿದರು. ಪ್ರಶ್ನೆಗಳಲ್ಲಿ ಯಾವುದೂ ಅನ್ಯಾಯದ್ದಲ್ಲ. ಮಗು ಮಲಗುವ ಮಂಚದ ಬಣ್ಣದಲ್ಲಿ ಸೀಸ ಇರಬಾರದು. ಕೇಂದ್ರ ಸರ್ಕಾರವೂ 2024ರ ಮಾರ್ಚ್‌ನಲ್ಲಿ ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್ಐ ಗುರುತನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಕಾಗದ ಕೇಳುವವರು ಹೆಚ್ಚುತ್ತಿದ್ದಾರೆ. ಕಾಗದ ಪಡೆಯುವ ದಾರಿ ಸಣ್ಣವನಿಗೆ ಸುಲಭವಾಗಿದೆಯೇ?

ಸೋಜಿಗವೆಂದರೆ ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳು ನಮ್ಮಲ್ಲಿ ಇಲ್ಲದಿಲ್ಲ. ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಅಲ್ಲಿ ಯಂತ್ರಗಳಿಂದ ಮರಗೆಲಸ ಕಲಿಸುವ ಆಧುನಿಕ ತರಬೇತಿ ಕೇಂದ್ರವೂ ಇದೆ. ಪ್ಲೈವುಡ್ ಕುರಿತ ಸಂಶೋಧನೆಯ ಪ್ರಾಂಗಣ ದಶಕಗಳಿಂದ ಇರುವುದು ತುಮಕೂರು ರಸ್ತೆಯಲ್ಲೇ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ 1972ರಲ್ಲಿ ಸ್ಥಾಪನೆಯಾದದ್ದು ಡೆನ್ಮಾರ್ಕಿನ ನೆರವಿನಿಂದ. ಅಂದರೆ ಸ್ಕ್ಯಾಂಡಿನೇವಿಯಾದ ಒಂದು ದೇಶ ಅಚ್ಚು ಮಾಡುವುದನ್ನು ಕಲಿಸಿಕೊಟ್ಟು ಹೋದ ಅರ್ಧ ಶತಮಾನದ ಮೇಲೆ ಇನ್ನೊಂದು ದೇಶ ಅಚ್ಚಿನಿಂದ ತೆಗೆದ ಸಾಮಾನು ಮಾರಲು ಬಂದಿದೆ. ಈ ಸಂಸ್ಥೆಗಳೂ ಪೀಣ್ಯದ ಘಟಕಗಳೂ ನಾಗಸಂದ್ರದ ಮಳಿಗೆಯೂ ಒಂದೇ ಮೇಜಿನ ಸುತ್ತ ಕೂರುವಂತೆ ಮಾಡುವುದು ಯಾರ ಕೆಲಸ ಎಂಬುದಷ್ಟೇ ನಿರ್ಧಾರವಾಗಿಲ್ಲ.

ಕೂರಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. ರಾಜಸ್ಥಾನದ ಕುಶಲಕರ್ಮಿ ಮಹಿಳೆಯರನ್ನು ಪಾಲುದಾರರನ್ನಾಗಿಸಿಕೊಂಡ ‘ರಂಗಸೂತ್ರ’ ಐಕಿಯಾಕ್ಕೆ ಜವಳಿ ಪೂರೈಸಿದೆ. ಬೆಂಗಳೂರಿನದೇ ಆದ ‘ಇಂಡಸ್ಟ್ರೀ’ ಸಂಸ್ಥೆ ಬಾಳೆಯ ಪಟ್ಟೆಯಿಂದ ಬುಟ್ಟಿ ಹೆಣೆಯುವ ಹಳ್ಳಿಯ ಹೆಂಗಸರನ್ನು ಅದೇ ಕಂಪನಿಗೆ ಜೋಡಿಸಿದೆ. ಎರಡು ಕಡೆಯೂ ಕೆಲಸ ಮಾಡಿದ್ದು ಮಧ್ಯವರ್ತಿ ಸಂಸ್ಥೆ: ಅಳತೆ ಒಂದೇ ಬರುವಂತೆ ನೋಡಿಕೊಳ್ಳುವುದು, ಬೇಡಿಕೆಯನ್ನು ನೂರು ಕೈಗಳಿಗೆ ಹಂಚುವುದು, ಹಣ ಬರುವವರೆಗೆ ಕೂಲಿ ತಡೆಯದಿರುವುದು. ಒಬ್ಬ ಹೆಣಿಗೆಯವಳಾಗಲಿ ಒಬ್ಬ ಬಡಗಿಯಾಗಲಿ ಇದನ್ನು ತಾನೊಬ್ಬನೇ ಮಾಡಲಾಗದು. ಹಣದ ವಿಚಾರದಲ್ಲಿ 2006ರ ಕಾಯ್ದೆ 45 ದಿನಗಳ ಗಡುವು ವಿಧಿಸಿದ್ದರೂ ಅದರ ಪಾಲನೆ ಹೇಗಿತ್ತೆಂಬುದು ಪೀಣ್ಯದಲ್ಲಿ ಯಾರನ್ನು ಕೇಳಿದರೂ ತಿಳಿಯುತ್ತದೆ. ಗಡುವಿನೊಳಗೆ ಪಾವತಿಸದಿದ್ದರೆ ಆದಾಯ ತೆರಿಗೆಯಲ್ಲಿ ಆ ವರ್ಷ ಖರ್ಚು ತೋರಿಸುವಂತಿಲ್ಲ ಎಂಬ ನಿಯಮ ಬಂದದ್ದು 2023-24ರ ಲೆಕ್ಕಪತ್ರದಿಂದ.

ಎಲ್ಲವನ್ನೂ ದೊಡ್ಡ ಮಳಿಗೆಗೆ ಸೇರಿಸಬೇಕೆಂಬ ಹಟವೂ ನನಗಿಲ್ಲ. ನವಲಗುಂದದ ಜಮಖಾನೆಯನ್ನು ಒಂದೇ ಅಳತೆ, ಒಂದೇ ಬಣ್ಣದಲ್ಲಿ ಹತ್ತು ಸಾವಿರ ಮಾಡಿಕೊಡಿ ಎಂದರೆ ನೇಯುವ ಹೆಣ್ಣುಮಕ್ಕಳು ನಗುತ್ತಾರೆ. ನಗಬೇಕಾದದ್ದೇ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ಅದರ ಮಾರುಕಟ್ಟೆ ಬೇರೆ. ಚನ್ನಪಟ್ಟಣದ ಅರಗಿನ ಕೆಲಸ ಎರಡು ಬಗೆಗೂ ಒಗ್ಗೀತು: ಗೊಂಬೆ ಒಂದು ಕಡೆಗೆ, ಕಪಾಟಿನ ಹಿಡಿ, ಬಟ್ಟೆ ತೂಗುಹಾಕುವ ಗೂಟ, ಮಸಾಲೆ ಡಬ್ಬಿ ಇನ್ನೊಂದು ಕಡೆಗೆ. ಯಾವುದು ಯಾವುದಕ್ಕೆ ಎಂದು ಬೇರ್ಪಡಿಸುವ ವಿವೇಕ ಬೇಕು. 1964ರಿಂದ ಕರಕುಶಲ ವಸ್ತುಗಳ ಮಾರಾಟ ನಡೆಸುತ್ತಿರುವ ನಮ್ಮ ನಿಗಮಕ್ಕೆ ಆ ತಿಳಿವಳಿಕೆ ಇದೆಯೆಂದೇ ನಂಬೋಣ.

ರಾಜ್ಯ ಸರ್ಕಾರಕ್ಕೆ ವಿದೇಶಿ ಬಂಡವಾಳದ ನಿಯಮ ತಿದ್ದುವ ಅಧಿಕಾರವಿಲ್ಲ, ನಿಜ. ಆದರೆ ಜಮೀನು, ನೀರು, ವಿದ್ಯುತ್ತು, ನಕ್ಷೆ, ಪರವಾನಗಿಗಳಿಗೆ ಬಂಡವಾಳಗಾರ ಬರುವುದು ರಾಜ್ಯದ ಬಳಿಗೇ. ಬಂಡವಾಳ ಹೂಡಿಕೆಯ ಪ್ರಸ್ತಾವಗಳು ಚರ್ಚೆಗೆ ಬಂದ ಹಲವು ಸಭೆಗಳಲ್ಲಿ ನಾನು ಕುಳಿತಿದ್ದೇನೆ. ನಮೂನೆಯಲ್ಲಿ ಎದ್ದು ಕಾಣುತ್ತಿದ್ದ ಅಂಕಣಗಳು ಎರಡು: ಹೂಡಿಕೆ ಎಷ್ಟು ಕೋಟಿ, ಉದ್ಯೋಗ ಎಷ್ಟು. ಮಂತ್ರಿಗಳ ಭಾಷಣಕ್ಕೂ ಮರುದಿನದ ಪತ್ರಿಕೆಯ ತಲೆಬರಹಕ್ಕೂ ಅವೇ ಸಾಕಾಗುತ್ತಿದ್ದವು. ‘ಏನನ್ನು, ಎಲ್ಲಿಂದ, ಎಷ್ಟಕ್ಕೆ ಕೊಳ್ಳುತ್ತೀರಿ’ ಎಂಬ ಮೂರನೆಯ ಅಂಕಣ ಇರಲಿಲ್ಲ. ರಾಜ್ಯದಿಂದ ಯಾವುದೇ ಸವಲತ್ತು ಪಡೆಯುವ ಚಿಲ್ಲರೆ ವ್ಯಾಪಾರ ಕಂಪನಿ, ದೇಶಿಯಾಗಲಿ ವಿದೇಶಿಯಾಗಲಿ, ಕರ್ನಾಟಕದ ಘಟಕಗಳಿಂದ ಆ ವರ್ಷ ಮಾಡಿದ ಖರೀದಿಯನ್ನು, ಅದರಲ್ಲಿ ಸಣ್ಣ ಘಟಕಗಳ ಪಾಲನ್ನು ಪ್ರತಿವರ್ಷ ಪ್ರಕಟಿಸಬೇಕೆಂದು ಕೇಳುವುದಕ್ಕೆ ದೆಹಲಿಯ ಅಪ್ಪಣೆ ಬೇಕಾಗಿಲ್ಲ. ಶೇಕಡಾವಾರು ವಿಧಿಸುವುದು ಬೇಡ. ಅಂಕಿ ಹೊರಬಂದರೆ ಅದು ಏಕೆ ಕಡಿಮೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಪರೀಕ್ಷಾಲಯದ ಕೊರತೆಯಿಂದಲೋ ಬಂಡವಾಳದ ಕೊರತೆಯಿಂದಲೋ ಎಂದು ಇಲಾಖೆ ಹುಡುಕಲೇಬೇಕಾಗುತ್ತದೆ.

2023-24ರ ಲೆಕ್ಕದವರೆಗೂ ಐಕಿಯಾದ ಭಾರತೀಯ ಅಂಗಸಂಸ್ಥೆ ನಷ್ಟದಲ್ಲೇ ಇತ್ತು. ಸುಂಕ, ಸಾಗಣೆ ವೆಚ್ಚಗಳ ನಡುವೆ ಹೊರಗಿನಿಂದ ತಂದು ಅಗ್ಗವಾಗಿ ಮಾರುವುದು ಅದಕ್ಕೂ ಸುಲಭವಲ್ಲ. ಹತ್ತಿರದಲ್ಲೇ ಕೊಳ್ಳುವುದು ಅದರ ಹಿತಾಸಕ್ತಿಯೂ ಹೌದು. ಹಾಗಾಗಿ ಇದನ್ನು ಜಗಳದ ಧಾಟಿಯಲ್ಲಿ ಕೇಳಬೇಕಾದ ಪ್ರಮೇಯವಿಲ್ಲ. ಮುಂದಿನ ಪ್ರಸ್ತಾವ ಬರುವ ಮೊದಲು ಆ ನಮೂನೆಗೆ ಮೂರನೆಯ ಅಂಕಣ ಸೇರಿಸಲು ಸಂಪುಟದ ತೀರ್ಮಾನವೂ ಬೇಡ, ಕೈಗಾರಿಕಾ ಇಲಾಖೆಯ ಒಂದು ಸುತ್ತೋಲೆ ಸಾಕು.